ತಾರಸಿಯ ಬೀಗದ ಕೈ

ಗುರುವಾರ, ಶಿಡ್ಲಘಟ್ಟ. ಮಹಿಳಾ ಸಂಘದ ಸಭೆಯ ಟಿಪ್ಪಣಿ.

ಕಾಲೇಜಿನವರು ಕೊಡುತ್ತೇವೆಂದದ್ದು: ತಾರಸಿಯ ಆಂಟೆನಾ ಹೊಣೆ, ಹುಡುಗಿಯರಿಗೆ. ಕೊಡದೆ ಇಟ್ಟುಕೊಂಡದ್ದು: ತಾರಸಿಯ ಬೀಗದ ಕೈ.

ಎಲ್ಲೋ ನಕ್ಷತ್ರವೊಂದು ಸಾಯುವಾಗ ಚಿಮ್ಮಿದ ಗಾಮಾ ಕಿರಣಗಳನ್ನು ವಿದ್ಯಾರ್ಥಿಗಳು ಕಟ್ಟಿದ ಪುಟ್ಟ ಉಪಗ್ರಹ ದಾಖಲಿಸಿಕೊಂಡಿದೆ. ಇವತ್ತು ಬೆಳಗಿನ ಜಾವ ನಾಲ್ಕೂವರೆಗೆ ಅದು ನಮ್ಮ ತಲೆ ಮೇಲೆ ಹಾದಾಗ ಬಿಎಸ್ಸಿಯ ಆರ್ಜೂ ಆಂಟೆನಾದಿಂದ ಆ ದಾಖಲೆ ಇಳಿಸಿಕೊಳ್ಳಬೇಕಿತ್ತು. ಕಾಲೇಜಿನ ಗೇಟೇ ತೆಗೆಯಲಿಲ್ಲ. ಸೋಮವಾರ ಅದೇ ಹೊತ್ತಿಗೆ ಇನ್ನೊಮ್ಮೆ ಹಾಯುತ್ತದೆ, ಆಮೇಲೆ ದಾಖಲೆ ಅಳಿಸಿಹೋಗುತ್ತದೆ.

"ಅಷ್ಟೊತ್ತಿಗೆ ಹೆಣ್ಮಕ್ಕಳು ಎದ್ದಿರ್ತಾರೇನ್ರೀ?" ಎಂದು ಸಭೆಗೆ ಬಂದಿದ್ದ ಪ್ರಿನ್ಸಿಪಾಲರು ಸಂಘದ ಕಾರ್ಯದರ್ಶಿಯಾದ ನನ್ನನ್ನೇ ಕೇಳಿದರು.

ಆರ್ಜೂಳ ತಾಯಿ ಶಕೀಲಾ ನಕ್ಕುಬಿಟ್ಟರು. "ಮೂರಕ್ಕೇ ಎದ್ದು ಗೂಡು ಬೇಯಿಸ್ತೀವಿ ಸಾರ್. ನಿಮ್ಮ ರೇಷ್ಮೆ ಪಂಚೆಗೆ ನೂಲು ಯಾರು ತೆಗೆದಿದ್ದು ಅಂದ್ಕೊಂಡ್ರಿ?"

ಬೀಗದ ಕೈ ಪ್ರಿನ್ಸಿಪಾಲರ ಜೇಬಿಗಿಳಿಯಿತು. ಥೂ!

ನೂಲು ತೆಗೆಯುವ ಹೆಂಗಸರೆಲ್ಲ ಬರುತ್ತಾರೆ. ಮುಂದಿನ ಸಭೆ ಕಾಲೇಜು ಗೇಟಿನ ಮುಂದೆ, ಸೋಮವಾರ, ಬೆಳಗಿನ ಜಾವ ನಾಲ್ಕು ಗಂಟೆಗೆ.