ಮಿರ್ಚಿ ಬರುವ ಹೊತ್ತು

ಗುರುವಾರ, 12 ಜೂನ್ 2025

ಸಭೆಗೆ ಮಿರ್ಚಿ ಭಜಿ ಯಾವಾಗ ತರಬೇಕೆಂದು ಹೋಟೆಲಿನವನಿಗೆ ಯಾರು ಹೇಳುತ್ತಾರೆ? ಸಂಜೆಯಿಂದ ತಲೆಯಲ್ಲಿ ಇದೇ ಕೊರೆಯುತ್ತಿದೆ.

ನಗರಸಭೆಗೆ ಆರಿಸಿ ಬಂದಾಗಿನಿಂದ ನೋಡುತ್ತಿದ್ದೇನೆ. ಸಾಮಾನ್ಯ ಸಭೆಯಲ್ಲಿ ಯಾರಾದರೂ ತಕರಾರು ಎತ್ತಬಹುದಾದ ವಿಷಯ ಬಂದಾಗಲೇ ಬಿಸಿ ಮಿರ್ಚಿ ಬರುತ್ತದೆ. ಎಲ್ಲರ ಬಾಯಿ ತುಂಬಿರುವಾಗ ಪೌರಾಯುಕ್ತರು ಗಡಗಡ ಓದುತ್ತಾರೆ, ಅಧ್ಯಕ್ಷೆ ಗುರುದೇವಿ "ಮಂಜೂರ್" ಎನ್ನುತ್ತಾರೆ, ಮೇಜು ಬಡಿದು ಮುಗಿಸುತ್ತಾರೆ.

ಇವತ್ತು ಮಿರ್ಚಿ ತಾಟು ಒಳಗೆ ಬಂದದ್ದೇ ತಡ, ಎದ್ದು ನಿಂತೆ. "ತಿನ್ನೂದು ಆಮ್ಯಾಲ. ಮೊದಲ ಈ ವಿಷಯ ಸಾವಕಾಶ ಓದ್ರಿ."

ಪೌರಾಯುಕ್ತರು ಸಾವಕಾಶವಾಗಿಯೇ ಓದಿದರು. ನನ್ನ ವಾರ್ಡಿನ ಚರಂಡಿ! ಮಳೆ ಬಂದರೆ ಉಕ್ಕಿ ಮನೆಗಳಿಗೆ ನುಗ್ಗುವ ಅದೇ ಚರಂಡಿ. ವರ್ಷವಿಡೀ ಕಿರುಚಿದರೂ, ಯಾದಗಿರಿಯ ಜಿಲ್ಲಾ ಕಚೇರಿಗೆ ಅಲೆದರೂ ಯಾರೂ ಕಿವಿಗೊಟ್ಟಿರಲಿಲ್ಲ. ಇವತ್ತು ಕೇಳದೆಯೇ ಅದರ ಕಾಮಗಾರಿ ಮಂಜೂರಿಗೆ ಬಂದಿದೆ.

"ಕಲ್ಯಾಣಮ್ಮಾರ, ಏನರ ತಕರಾರು ಅದೇನ್ರಿ?" ಎಂದರು ಗುರುದೇವಿ.

ಕುಳಿತೆ. ಎಲ್ಲರೂ ಮೇಜು ಬಡಿದರು, ನಾನೂ ಬಡಿದೆ.

ಪಕ್ಕದಲ್ಲಿದ್ದ ಹಳೆಯ ಸದಸ್ಯ ಅಮೀನುದ್ದೀನ ಸಾಹೇಬರು ತಾಟನ್ನು ನನ್ನತ್ತ ಸರಿಸಿದರು. ಒಂದು ಮಿರ್ಚಿ ತೆಗೆದುಕೊಂಡೆ.

"ತಿನ್ರಿ ಅಕ್ಕಾರ, ತಿನ್ರಿ," ಎಂದು ನಕ್ಕರು. "ಮುಂದಿನ ಮೀಟಿಂಗಿಗೆ ಬಸ್‌ಸ್ಟ್ಯಾಂಡ್ ಮಳಿಗಿ ಹರಾಜಿನ ವಿಷಯ ಅದ. ಆವತ್ತೂ ಬಿಸಿ ಬಿಸಿ ಬರ್ತಾವ."

ಆ ಮಾತು ಕೇಳುವಷ್ಟರಲ್ಲಿ ಅರ್ಧ ತಿಂದಾಗಿತ್ತು.

ಚರಂಡಿ ಆಗಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮುಂದಿನ ಸಭೆಯಲ್ಲಿ ನಾನು ಎದ್ದು ನಿಂತರೆ ಆ ಚರಂಡಿ ಕಾಗದದ ಮೇಲೆಯೇ ಉಳಿಯುತ್ತದೆ.