ಅಕ್ಕಿ ಡಬ್ಬಿಯಡಿಯ ನಾಲ್ಕು ಹಾಳೆ

ಅಕ್ಕ,

ಮೂಡುಬಿದಿರೆಗೆ ಹೊರಟೆ, ಸಂಜೆ ಬರ್ತೇನೆ. ಒಲೆಯ ಮೇಲೆ ಗಂಜಿ ಉಂಟು. ಉಂಡ ಮೇಲೆ ಇದನ್ನು ಓದು, ಸಿಟ್ಟಿನಲ್ಲಿ ಗಂಜಿ ಇಳಿಯುವುದಿಲ್ಲ.

ಫ್ರಿಜ್ಜಿಗೆ ನೀನು ಅಂಟಿಸಿದ್ದು ಐದು ಮಾಕ್ ಟೆಸ್ಟಿನ ಅಂಕ. "ಅತ್ತೇ, ಸರಾಸರಿ ನೂರ ಅರವತ್ತಾರು, ಈ ಸಲ ಡಾಕ್ಟರ್ ಲೈಸೆನ್ಸ್ ಪರೀಕ್ಷೆ ಪಾಸ್ ಗ್ಯಾರಂಟೀ" ಅಂತ ಫೋನಿನಲ್ಲಿ ಆ ಬೆಲ್ಲದ ಸ್ವರ ಬೇರೆ! ನಿನ್ನೆ ಅಕ್ಕಿ ಡಬ್ಬಿಯ ಅಡಿಯಲ್ಲಿ ಇನ್ನೂ ನಾಲ್ಕು ಹಾಳೆ ಸಿಕ್ಕಿದವು. ನಾಲ್ಕೂ ನೂರ ಇಪ್ಪತ್ತರ ಆಸುಪಾಸು. ಒಂಬತ್ತನ್ನೂ ಸೇರಿಸಿದರೆ ಸರಾಸರಿ ನೂರ ನಲವತ್ತೈದು. ಪಾಸಾಗಲು ಮುನ್ನೂರಕ್ಕೆ ನೂರ ಐವತ್ತು ಬೇಕು. ಸರಿ ಇದ್ದದ್ದನ್ನೇ ಹೆಕ್ಕಿದರೆ ಸರಾಸರಿ ಆಗ್ತದಾ ಮಾರಾಯ್ತಿ? ಜ್ವರ ಇಳಿದಾಗ ಮಾತ್ರ ಚಾರ್ಟ್ ಬರೆಯುವ ಡಾಕ್ಟರಾ ನೀನು?

ನಾಲ್ಕರಲ್ಲೂ ನಿನ್ನನ್ನು ಮುಳುಗಿಸಿದ್ದು ಫಾರ್ಮಕಾಲಜಿ. ಪರೀಕ್ಷೆಗೆ ಉಳಿದ ಹದಿನೆಂಟು ದಿನ ಅದನ್ನೇ ಓದು. ಹಾಳೆಗಳು ನಿನ್ನ ಮೇಜಿನ ಮೇಲೆ ಉಂಟು. ಹರಿದು ಹಾಕಿದರೆ ನೋಡು!

ಅಪ್ಪನಿಗೆ ತಿಳಿಯಬಾರದು ಅಂತ ಅಡಗಿಸಿದ್ದಲ್ವಾ? ಬೆಳಿಗ್ಗೆ ನಾನೇ ಹೇಳಿಬಿಟ್ಟೆ. ಅವರು ಚಾ ಊದುತ್ತಾ ಹೇಳಿದ್ದು ಇಷ್ಟೇ: "ಗೊತ್ತುಂಟು ಮಾರಾಯ. ದಿನಾ ಅಕ್ಕಿ ಅಳೆಯುವವ ನಾನಲ್ವಾ? ಡಬ್ಬಿ ಒರೆಸುವಾಗ ನೋಡಿ ಪುನಃ ಅಲ್ಲೇ ಇಡ್ತೇನೆ. ಅವಳೇ ಒಂದು ದಿನ ಹೇಳ್ತಾಳೆ ಅಂತ ಕಾಯ್ತಾ ಇದ್ದೇನೆ."

ಮಧ್ಯಾಹ್ನ ಅಂಗಡಿಯಿಂದ ಊಟಕ್ಕೆ ಬರ್ತಾರೆ. ನಾನು ಹೇಳಿದ್ದು ಲೆಕ್ಕಕ್ಕಿಲ್ಲ. ನೀನು ಹೇಳು.

ನಿಶ್ಚಲ್