ಅರ್ಧ ಗಂಟೆಯ ದಾರಿ

ಕೊಪಿತ್ನಾರಿ, ಕುತಾಯಿಸಿ ಹತ್ತಿರ
18 ಜನವರಿ 2019

ನನ್ನ ಎತೆರಿ,

ನೀನು ಕ್ಷೇಮವಾಗಿದ್ದೀಯೆಂದು ನಂಬಿದ್ದೇನೆ. ಅಮ್ಮ ತೀರಿಕೊಂಡ ನಲವತ್ತನೆಯ ದಿನದ ಪ್ರಾರ್ಥನೆಯೂ ಮುಗಿಯಿತು. ಇಲ್ಲಿಯವರೆಗೆ ಬರೆಯದ್ದಕ್ಕೆ ಬೇಸರಿಸಬೇಡ. ಫೋನಿನಲ್ಲಿ ಹೇಳೋಣವೆಂದರೆ ನೀನು ಅಳುತ್ತೀ, ನಾನು ಫೋನ್ ಇಟ್ಟುಬಿಡುತ್ತೇನೆ. ಥೆಸಲೊನೀಕಿಗೆ ಬಸ್ಸು ಓಡಿಸುವ ಗುರಾಮನ ಕೈಯಲ್ಲಿ ಈ ಕಾಗದವನ್ನೂ ಒಂದು ಚೀಲ ಅಕ್ರೋಟನ್ನೂ ಕಳಿಸುತ್ತಿದ್ದೇನೆ. ಅವನಿಗೆ ಎರಡು ದಿನದ ಪ್ರಯಾಣ. ನಿನ್ನೂರಿಗೆ ಹೋಗುವ ವಿಮಾನ ಮಾತ್ರ ಎಂದಿನಂತೆ ನಮ್ಮ ದ್ರಾಕ್ಷಿ ಚಪ್ಪರದ ಮೇಲೆಯೇ ಹಾದುಹೋಗುತ್ತದೆ.

ಆ ವಿಮಾನ ಶುರುವಾದ ಚಳಿಗಾಲ ನೆನಪಿದೆಯಲ್ಲ? ಇಲ್ಲಿಂದ ಹತ್ತಕ್ಕೆ ಹೊರಟು ಗ್ರೀಸಿನಲ್ಲಿ ಹತ್ತೂವರೆಗೆ ಇಳಿಯುತ್ತದೆಂದು ಯಾರೋ ಹೇಳಿದ್ದೇ ತಡ, ಅಮ್ಮ ಊರಿಗೆಲ್ಲ ಸಾರಿದಳು: "ನನ್ನ ಎತೆರಿ ಅರ್ಧ ಗಂಟೆ ದೂರದಲ್ಲಿದಾಳೆ." ಅಲ್ಲಿಯ ಗಡಿಯಾರ ಎರಡು ಗಂಟೆ ಹಿಂದಿದೆ, ನಿಜವಾದ ದಾರಿ ಎರಡೂವರೆ ಗಂಟೆಯದು ಎಂದು ಎಷ್ಟು ಹೇಳಿದರೂ, "ಗಡಿಯಾರ ಸುಳ್ಳು ಹೇಳತ್ತೇನೇ? ನಿಂಗೆ ಹೊಟ್ಟೆಕಿಚ್ಚು" ಎನ್ನುತ್ತಿದ್ದಳು. ಪಕ್ಕದ ಮನೆಯ ವೆನೆರಾ ಬಿಡುವವಳೇ? "ಅರ್ಧ ಗಂಟೆ ಅಂದ್ರೆ ಊಟಕ್ಕೆ ಬಂದು ಹೋಗ್ಬಹುದಲ್ಲೇ! ಈಸ್ಟರಿಗೂ ಪತ್ತೆ ಇಲ್ಲ?" ಎಂದು ಚುಚ್ಚುತ್ತಿದ್ದಳು. ನಿನ್ನ ಬಳಿ ಅಲ್ಲಿರಲು ಪರವಾನಗಿ ಇಲ್ಲ, ಒಮ್ಮೆ ಹೊರಬಿದ್ದರೆ ವರ್ಷಗಟ್ಟಲೆ ಒಳಗೆ ಬಿಡುವುದಿಲ್ಲ, ನಿನ್ನ ದುಡಿಮೆ ನಿಂತರೆ ಅಮ್ಮನ ಔಷಧಿಯೂ ನಿಲ್ಲುತ್ತದೆ. ಇದನ್ನೆಲ್ಲ ಬೇಲಿಯ ಬಳಿ ನಿಂತು ಹೇಳುವುದು ಹೇಗೆ?

ಮಣ್ಣು ಮಾಡಿದ ದಿನ ಫೋನನ್ನು ಅಮ್ಮನ ಕಿವಿಯ ಪಕ್ಕದಲ್ಲೇ ಇಟ್ಟಿದ್ದೆವು. ನೀನು ನೋಡಿಕೊಳ್ಳುವ ಮುದುಕಿಗೆ ಎಚ್ಚರವಾಗದಿರಲೆಂದು ಅಲ್ಲಿ ನೀನು ದನಿ ತಗ್ಗಿಸಿ ಅತ್ತೆ. ಇಲ್ಲಿ ಸ್ಪೀಕರಿನಲ್ಲಿ ಅದು ಅಂಗಳದವರೆಗೂ ಕೇಳಿಸಿತು. ನಡುವೆ ಫೋನು ಕಡಿದುಹೋಯಿತು. ಆಗ ಅರ್ಧಕ್ಕೆ ನಿಂತ ನಿನ್ನ ಶೋಕದ ಮಾತನ್ನು ವೆನೆರಾಳೇ ಎತ್ತಿಕೊಂಡು ನಿನ್ನ ಹೆಸರಿನಲ್ಲಿ ಅತ್ತು ಮುಗಿಸಿದಳು. ಊಟಕ್ಕೆ ಕೂತಾಗ, "ಆ ಫೋನಿಗೂ ಒಂದು ಲೋಟ ವೈನ್ ಇಡ್ರೋ, ಅವಳೂ ಮನೆ ಮಗಳೇ" ಎಂದಳು. ಇಟ್ಟೆವು. ಯಾರೂ ನಗಲಿಲ್ಲ.

ಅಮ್ಮ ಕೊನೆಗೆ ಏನಂದಳೆಂದು ಪ್ರತಿ ಸಲ ಕೇಳುತ್ತೀ. ನಿದ್ದೆಯಲ್ಲೇ ಹೋದಳು. ಹಾಗೆಂದೇ ನೆನೆದುಕೋ.

ಅಕ್ರೋಟಿನಲ್ಲಿ ಇನ್ನೂ ತೇವವಿದೆ, ಒಲೆಯ ಹತ್ತಿರ ಹರಡು. ಬೆನ್ನು ನೋವಿಗೆ ಉಣ್ಣೆಯ ಪಟ್ಟಿ ಕಟ್ಟಿಕೋ. ಮುಚ್ಚಿದ ಬಾಗಿಲುಗಳು ನಿನಗೆ ತೆರೆಯಲಿ, ನಿನ್ನ ಕಷ್ಟವೆಲ್ಲ ನನಗೇ ತಗಲಲಿ.

ನಿನ್ನ ಅಕ್ಕ,
ನಾಝಿ

ತಾ.ಕ.: ಗುರಾಮ ಗೇಟಿನ ಬಳಿ ಹಾರನ್ ಹೊಡೆಯುತ್ತಿದ್ದಾನೆ, ಆದರೂ ಬರೆಯುತ್ತೇನೆ. ಅಮ್ಮ ನಿದ್ದೆಯಲ್ಲಿ ಹೋಗಲಿಲ್ಲ. ವಿಮಾನದ ಸದ್ದಿಗೆ ಕಣ್ಣು ತೆರೆದು ನನ್ನ ಕೈ ಹಿಡಿದಳು. "ಎತೆರಿ, ಬಂದ್ಯಾ?" ಎಂದಳು. "ಬಂದೆ ಅಮ್ಮಾ" ಎಂದೆ. "ಬರೋಕೆ ಎಷ್ಟು ಹೊತ್ತಾಯ್ತೇ?" "ಅರ್ಧ ಗಂಟೆ." "ಅಷ್ಟೇನಾ! ಮತ್ತೆ ಇಷ್ಟು ವರ್ಷ ಯಾಕೇ ಬರ್ಲಿಲ್ಲ?" ನನ್ನ ಮುಖವನ್ನೇ ನೋಡುತ್ತ ಅವಳು ಉತ್ತರಕ್ಕೆ ಕಾದಳು. ಏಳು ವರ್ಷ ಆ ಹಾಸಿಗೆಯ ಪಕ್ಕದಲ್ಲಿದ್ದ ನಾಝಿ ಎಲ್ಲಿ ಎಂದು ಒಂದು ಸಲ ಕೇಳಲಿ ಎಂದು ನಾನೂ ಕಾದೆ.